ಟವರ್ ಸ್ಪೀಕರಾ, ಬುಕ್‌ಶೆಲ್ಫ್ ಜೊತೆ ಸಬ್‌ವೂಫರಾ?

ರೂಮು ಚಿಕ್ಕದಿದ್ರೆ ನಾನಂತೂ ಬುಕ್‌ಶೆಲ್ಫ್ (ಸ್ಟ್ಯಾಂಡ್ ಮೇಲೆ ಇಡೋ ಚಿಕ್ಕ ಸ್ಪೀಕರ್) ಪ್ಲಸ್ ಸಬ್ (ಸಬ್‌ವೂಫರ್, ಬರೀ ಆಳದ ಬೇಸ್‌ಗೆ ಇರೋ ಸ್ಪೀಕರ್) ಅಂತೀನಿ. ಯಾಕಂದ್ರೆ ಟವರ್ (ನೆಲದ ಮೇಲೆ ನಿಲ್ಲೋ ಎತ್ತರದ ಸ್ಪೀಕರ್) ಅಂದ್ರೆ ಬೇಸೂ ಮಿಡ್ಡೂ (ಮಧ್ಯದ ಸ್ವರ) ಎಲ್ಲಾ ಒಂದೇ ಡಬ್ಬದಿಂದ ಬರೋದು, ಹಾಡು ಕ್ಲಿಯರಾಗಿ ಕೇಳೋ ಜಾಗದಲ್ಲಿ ಇಟ್ರೆ ಬೇಸ್ ಗುಂಯ್‌ಗುಡುತ್ತೆ, ಬೇಸ್ ಸರಿಯಾಗೋ ಜಾಗಕ್ಕೆ ತಳ್ಳಿದ್ರೆ ದನಿ ಹಾಳು. ಸಬ್ ಬೇರೆ ಇದ್ರೆ ಅದನ್ನ ಎಲ್ಲಿ ಬೇಕಾದ್ರೂ ಸರಿಸಿ ನೋಡಬಹುದು, ಮೂಲೆಗೆ ಇಟ್ರೆ ಜೋರು ಬರುತ್ತೆ ಆದ್ರೆ ಗುಂಯ್ ಕೂಡ ಜಾಸ್ತಿ. 5-6 ಇಂಚಿನ ವೂಫರ್ (ಬೇಸ್ ಕೊಡೋ ಡ್ರೈವರ್, ಅಂದ್ರೆ ಒಳಗಿನ ಕೋನ್) ಇರೋ ಬುಕ್‌ಶೆಲ್ಫ್ ಸಾಮಾನ್ಯವಾಗಿ 50-60 ಹರ್ಟ್ಜ್ ಕೆಳಗೆ ಸುಸ್ತಾಗುತ್ತೆ, ಅದಕ್ಕೇ ಕ್ರಾಸ್‌ಓವರ್ (ಯಾವ ಹರ್ಟ್ಜ್ ಕೆಳಗಿನ ಬೇಸ್ ಸಬ್‌ಗೆ ಹೋಗಬೇಕು ಅನ್ನೋ ಸೆಟ್ಟಿಂಗ್) 80 ಹರ್ಟ್ಜ್‌ಗೆ ಇಟ್ಟು ಶುರು ಮಾಡಿ.

ಬರೀ ಸಂಗೀತ ಕೇಳೋರು, ಸಬ್ ಸೆಟ್ಟಿಂಗ್ ಗೋಜೇ ಬೇಡ ಅನ್ನೋರು, ದೊಡ್ಡ ಹಾಲ್ ಇರೋರು ಟವರ್ ತಗೊಳ್ಳಿ, ಚೆನ್ನಾಗಿರುತ್ತೆ.

ಸಬ್‌ನಲ್ಲಿ ಸೀಲ್ಡಾ (ಪೂರ್ತಿ ಮುಚ್ಚಿದ ಡಬ್ಬ), ಪೋರ್ಟೆಡ್ಡಾ (ಗಾಳಿ ಹೋಗೋ ತೂತು ಇರೋ ಡಬ್ಬ)? ಸೀಲ್ಡ್ ಡಬ್ಬ ಚಿಕ್ಕದು, ಬೇಸ್ ನಿಧಾನಕ್ಕೆ ಇಳಿಯುತ್ತೆ, ಆಕ್ಟೇವ್‌ಗೆ (ಹರ್ಟ್ಜ್ ಅರ್ಧಕ್ಕೆ ಇಳಿದಾಗಲೆಲ್ಲ) ಸುಮಾರು 12 ಡೆಸಿಬೆಲ್. ಪೋರ್ಟೆಡ್ ಅದೇ ಡ್ರೈವರಲ್ಲಿ ಆಳದ ಬೇಸನ್ನ ಜೋರಾಗಿ ಕೊಡುತ್ತೆ, ಟ್ಯೂನಿಂಗ್ (ಆ ತೂತನ್ನ ಹೊಂದಿಸಿರೋ ಹರ್ಟ್ಜ್) ಕೆಳಗೆ ಹೋದ್ರೆ ಮಾತ್ರ 24 ಡೆಸಿಬೆಲ್ ರೇಟಲ್ಲಿ ದಬಕ್ ಅಂತ ಬೀಳುತ್ತೆ. ಸಿನಿಮಾ ಜಾಸ್ತಿ ನೋಡೋರಿಗೆ ಪೋರ್ಟೆಡ್ಡೇ ಸೈ.

ವ್ಯಾಟ್ ನೋಡಿ ಮಾರುಹೋಗಬೇಡಿ ದಯವಿಟ್ಟು! ಸೆನ್ಸಿಟಿವಿಟಿ (ಅದೇ ಪವರ್‌ಗೆ ಸ್ಪೀಕರ್ ಎಷ್ಟು ಜೋರು ಅನ್ನೋ ಅಳತೆ) 3 ಡೆಸಿಬೆಲ್ ಕಮ್ಮಿ ಇದ್ರೆ ಅಷ್ಟೇ ಸೌಂಡಿಗೆ ಆಂಪ್ಲಿಫೈಯರ್ ಡಬಲ್ ಪವರ್ ಕೊಡಬೇಕು, 90 ಡೆಸಿಬೆಲ್ ಇರೋದಕ್ಕೂ 84 ಇರೋದಕ್ಕೂ ಬೇಕಾಗೋ ಪವರ್‌ನಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. ದುಡ್ಡು ಕಮ್ಮಿ ಇದ್ರೆ ಮೊದಲು ಒಳ್ಳೆ ಬುಕ್‌ಶೆಲ್ಫ್ ತಗೊಳ್ಳಿ, ಸಬ್ ಆಮೇಲೆ ಸೇರಿಸಬಹುದು.