26 ಮಳೆಗಾಲ ಕಂಡ ಟಿವಿ ಗೇಮ್: ನಾನು ಇಟ್ಟುಕೊಂಡಿರುವುದು ಒಂದು ಹಾಡಿಗಾಗಿ

1999ರ ಬೇಸಿಗೆ ರಜೆಯಲ್ಲಿ ಅಪ್ಪ ಕಾರವಾರದಿಂದ ರೈಲು ಹತ್ತಿ ಮಡಗಾಂವ್‌ಗೆ ಹೋಗಿ ತಂದುಕೊಟ್ಟ ಟಿವಿ ಗೇಮ್ ಇದು. ಎರಡು ರಿಮೋಟ್, ಒಂದು ಗನ್, ಒಂದು ಹಳದಿ ಕ್ಯಾಸೆಟ್. ನಿಂಟೆಂಡೊದವರು 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಅನ್ನುವ ಗೇಮ್ ಮಷಿನ್ನಿನ ನಕಲು ಅಂತ ಆಗ ನಮಗೆ ಗೊತ್ತಿರಲಿಲ್ಲ. ಇವತ್ತಿಗೂ ನಡೆಯುತ್ತಿದೆ. ಈಗ ಆಟ ಆಡುವುದು ಕಡಿಮೆ. ಹಾಡು ಕೇಳಬೇಕು ಅನ್ನಿಸಿದಾಗ ಹಾಕುತ್ತೇನೆ.

ಆ ಕ್ಯಾಸೆಟ್ಟಿನ ಮಾರಿಯೋ ಆಟ ಅಂದರೆ ಎಲ್ಲರಿಗೂ ಮೊದಲ ಸ್ಟೇಜಿನ ಹಾಡೇ ನೆನಪು. 2023ರಲ್ಲಿ ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ, ಕಾಪಾಡಿಡಬೇಕಾದ ರೆಕಾರ್ಡಿಂಗ್‌ಗಳ ಪಟ್ಟಿಗೂ ಸೇರಿತು. ಸೇರಲೇಬೇಕಾದದ್ದೇ. ಆದರೆ ನನ್ನದು 2-2ರ ಹಾಡು, ನೀರಿನ ಸ್ಟೇಜಿನದು. ನಿಂಟೆಂಡೊದ ಸಂಗೀತಗಾರ ಕೋಜಿ ಕೊಂಡೊ 1985ರಲ್ಲಿ ಮಾಡಿದ್ದು. ಒಮ್ಮೆ ಹೊನ್ನಾವರದಿಂದ ಬಂದಿದ್ದ ದೊಡ್ಡಪ್ಪ ಇದನ್ನು ಕೇಳಿ ಕುರ್ಚಿಯ ಕೈ ಮೇಲೆ ಬೆರಳು ತಟ್ಟತೊಡಗಿದರು. ಅವರು ಚಂಡೆ ಕಲಿತವರು. "ತಕಿಟ, ತಕಿಟ... ಮೂರರ ನಡೆ ಅಲ್ವೇನೋ ಇದು?" ಅಂದರು. ಹೌದು, ಅದು ವಾಲ್ಟ್ಜ್, ಪಾಶ್ಚಾತ್ಯ ಕುಣಿತದ ಮೂರು ಎಣಿಕೆಯ ನಡೆ. ಅಲ್ಲಿಯವರೆಗೆ ಅದು ತೂಗುವುದು ಮಾತ್ರ ಗೊತ್ತಿತ್ತು. ಯಾಕೆ ತೂಗುತ್ತದೆ ಅಂತ ತಿಳಿದದ್ದು ಆವತ್ತು.

ಅಕ್ಕ ಒಂದು ಉಪಾಯ ಕಂಡುಹಿಡಿದಿದ್ದಳು. 2-2 ಶುರುವಾದ ಕೂಡಲೇ ರಿಮೋಟ್ ಕೆಳಗಿಡುವುದು. ಮಾರಿಯೋ ನೀರಿನ ತಳದಲ್ಲಿ ಸುಮ್ನೆ ನಿಂತಿರುತ್ತಾನೆ, ಹಾಡು ಪೂರ್ತಿ ಕೇಳುತ್ತದೆ. ಆಡುತ್ತಾ ಕೇಳಿದರೆ ಹಾಗಲ್ಲ. ಮಾರಿಯೋ ಹಾಡುಗಳಿಗೆ ಇರುವುದೇ ನಾಲ್ಕು ದನಿ: ರಾಗಕ್ಕೆ ಎರಡು, ಕೆಳಗಿನ ಗುಂಯ್‌ಗೆ ಒಂದು, ತಾಳದ ಚುಸ್‌ಗುಟ್ಟುವ ಸದ್ದಿಗೆ ಒಂದು. ಈಜಿದ ಸದ್ದು, ನಾಣ್ಯದ ಸದ್ದು ಎಲ್ಲವೂ ರಾಗದ ದನಿಗಳನ್ನೇ ಕಿತ್ತುಕೊಂಡು ಕೇಳಿಸಬೇಕು. ನಾಣ್ಯ ಹಿಡಿದರೆ ಅಲ್ಲಿಗೆ ಒಂದು ಸ್ವರ ಹೋಯಿತು! ಅದಕ್ಕೇ ನಾವು ಸುಮ್ನೆ ನಿಂತು ಕೇಳುತ್ತಿದ್ದೆವು. ಸ್ಟೇಜಿಗೆ ಕೊಟ್ಟ ಟೈಮ್ ಇಳಿಯುತ್ತಾ 100ಕ್ಕಿಂತ ಕೆಳಗೆ ಬಂದಾಗ ಹಾಡು ಓಡತೊಡಗುತ್ತದೆ. ಆಗ ಅಕ್ಕ ಎದ್ದು ಆಫ್ ಮಾಡುತ್ತಿದ್ದಳು. ಟೈಮ್ ಮುಗಿದು ಮಾರಿಯೋ ಸಾಯುವುದನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಫೋನಿನಲ್ಲಿ ಮೂಲ ಹಾಡು ಹಾಕಿದೆ. ಬೇಜಾರಾಯಿತು. ಯಾರೋ ಅವಸರದಲ್ಲಿ ಓಡಿಸಿದ ಹಾಗಿತ್ತು. ಆಮೇಲೆ ಕಾರಣ ತಿಳಿಯಿತು. ಜಪಾನಿನ ಆಟ ಸೆಕೆಂಡಿಗೆ 60 ಚಿತ್ರದ ಲೆಕ್ಕದಲ್ಲಿ ಬರೆದದ್ದು. ನಮ್ಮ ಪಾಲ್ (PAL) ಪದ್ಧತಿಯ ಟಿವಿಗಳಿಗೆ ಮಾಡಿದ ನಕಲು ಮಷಿನ್ 50ರಲ್ಲಿ ನಡೆಯುತ್ತದೆ. ಹಾಡಿನ ಎಣಿಕೆಯೂ ಆ ಚಿತ್ರಗಳ ಎಣಿಕೆಗೇ ಕಟ್ಟಿಕೊಂಡಿದೆ. ಹಾಗಾಗಿ ಅಲ್ಲಿ 60 ಸೆಕೆಂಡಿನಲ್ಲಿ ಮುಗಿಯುವುದು ಇಲ್ಲಿ 72 ಸೆಕೆಂಡು ಹಿಡಿಯುತ್ತದೆ. ಶ್ರುತಿ ಹೆಚ್ಚುಕಡಿಮೆ ಅದೇ, ನಡೆ ಮಾತ್ರ ನಿಧಾನ. ಮೂಲವೇ ಸರಿ ಅನ್ನುವವರು ಇದ್ದಾರೆ, ಇರಲಿ. ನೀರಿನೊಳಗೆ ಕೈ ಬೀಸಿದರೆ ಕೈ ನಿಧಾನವಾಗುತ್ತದೆ ಅಲ್ವಾ? ನನಗೆ ಈ 72 ಸೆಕೆಂಡೇ ಸರಿ.

ಇನ್ನು ಮಷಿನ್ ಬಗ್ಗೆ. ಅಡಾಪ್ಟರ್ ಎರಡು ಸಲ ಸುಟ್ಟಿದೆ. ರಿಮೋಟಿನ ರಬ್ಬರ್ ಒಮ್ಮೆ ಬದಲಾಗಿದೆ. ಗನ್ ಎರಡನೇ ವರ್ಷಕ್ಕೇ ಹೋಯಿತು. ದೊಡ್ಡ ಶತ್ರು ಕಡಲ ಗಾಳಿ. ಜೂನ್ ಬಂತೆಂದರೆ ಕ್ಯಾಸೆಟ್ಟಿನ ಹಿತ್ತಾಳೆ ಬಣ್ಣದ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಊದಿದರೆ ಸರಿಯಾಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. ನಿಜವಾಗಿ ಬಾಯಿಯ ತೇವದಿಂದ ಕಿಲುಬು ಇನ್ನೂ ಜಾಸ್ತಿಯಾಗುತ್ತದೆ. ನಾನು ಈಗ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಹತ್ತಿಯಲ್ಲಿ ಸ್ಪಿರಿಟ್ ಹಚ್ಚಿ ಒರೆಸಿ, ಒಣಗಿದ ಮೇಲೆ ಹಾಕುತ್ತೇನೆ.

2016ರ ಹೊತ್ತಿಗೆ ಹಾಡಿನ ಹಿಂದೆ ಒಂದು ಝೇಂಕಾರ ಸೇರಿಕೊಂಡಿತು. ಮೊದಲು ತೋರಿಸಿದ ಅಂಗಡಿಯವರು "ಎಸೆದುಬಿಡಿ" ಅಂದರು. ತುಂಬಾ ನೋವಾಯಿತು. ಕೊನೆಗೆ ಪೇಟೆಯ ಒಬ್ಬ ಹಳೇ ಟಿವಿ ರಿಪೇರಿಯವರು ಮುಚ್ಚಳ ಬಿಚ್ಚಿ, ಉಬ್ಬಿದ್ದ ಎರಡು ಕೆಪಾಸಿಟರ್ ತೆಗೆದು ಹೊಸದು ಬೆಸುಗೆ ಹಾಕಿದರು. ಆನ್ ಮಾಡಿ 2-2ರವರೆಗೆ ಅಲ್ಲೇ ಆಡಿದೆ. ಝೇಂಕಾರ ಇರಲಿಲ್ಲ. ಅವರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದರು.

ಹಳೆಯದು ಕೊಳ್ಳುವವರು ಮಷಿನ್ನಿನ ಹಿಂಭಾಗದಲ್ಲಿ ಟಿವಿಗೆ ಚಿತ್ರ, ದನಿ ಕಳಿಸುವ ಹಳದಿ-ಬಿಳಿ ಎವಿ ಪಿನ್ ಇದೆಯಾ ನೋಡಿ. ಆಂಟೆನಾ ವೈರಿನಲ್ಲಿ ದನಿ ಗರಗರ ಅನ್ನುತ್ತದೆ. ಎಚ್‌ಡಿಎಂಐ ಹಾಕುವ ಹೊಸ ಡಬ್ಬಿಯೊಂದನ್ನು ನಾನೂ ತಂದು ನೋಡಿದೆ. ಚಿತ್ರ ಚೆನ್ನಾಗಿದೆ, ಹಾಡು 60ರಲ್ಲಿ ಓಡುತ್ತದೆ. ಅದನ್ನು ಅಕ್ಕನ ಮಗನಿಗೆ ಕೊಟ್ಟೆ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ನೀರಿನ ಸ್ಟೇಜ್ ಹಾಕಿಸಿ, ರಿಮೋಟ್ ಕೆಳಗಿಟ್ಟು, ಒಂದು ಸುತ್ತು ಪೂರ್ತಿ ಕೇಳಿ.