ತನ್ನ ಬಲ ತನಗೇ ಗೊತ್ತಿಲ್ಲದ ಮೂವರು ಹೀರೋಗಳು: ನನ್ನ ಓಟು ನೂರ್‌ಗೆ

ಹೀರೋಗೆ ಊರಿಗೆಲ್ಲಾ ಇಲ್ಲದ ಶಕ್ತಿ ಇರುತ್ತದೆ, ಅದು ಅವನೊಬ್ಬನಿಗೆ ಮಾತ್ರ ಗೊತ್ತಿರುವುದಿಲ್ಲ. ಇಂಥ ತಮಾಷೆಯ ಅನಿಮೆಗಳೆಂದರೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳೆಂದರೆ, ನನಗೆ ಪ್ರಾಣ. ಅವನ್ನು ನೋಡಲೆಂದೇ ಒಂದು ತಿಂಗಳ ಚಂದಾ ಕಟ್ಟಿ ಮೂರು ಸರಣಿ ನೋಡಿದೆ. 2024ರ 'ಐ ಪ್ಯಾರಿ ಎವ್ರಿಥಿಂಗ್' ಒಂದರಿಂದಲೇ ದುಡ್ಡು ವಸೂಲಾಯಿತು.

ಅದರ ಹೀರೋ ನೂರ್‌ಗೆ ಅಪ್ಪ ಅಮ್ಮ ಇಲ್ಲ. ಸಾಹಸಿಯಾಗುವ ಆಸೆಯಿಂದ ಚಿಕ್ಕ ವಯಸ್ಸಿನಲ್ಲೇ ರಾಜಧಾನಿಗೆ ಬರುತ್ತಾನೆ. ಕತ್ತಿವರಸೆಯಿಂದ ಮಂತ್ರವಿದ್ಯೆಯವರೆಗೆ ಆರು ತರಬೇತಿ ಪಡೆಯುತ್ತಾನೆ. ಆರೂ ಕಡೆ 'ಇದು ನಿನ್ನ ಕೈಲಾಗಲ್ಲ' ಅನ್ನಿಸಿಕೊಳ್ಳುತ್ತಾನೆ. ಬೆಟ್ಟದ ಮನೆಗೆ ವಾಪಸ್ ಹೋಗಿ, ಬಂದ ಏಟನ್ನು ಕತ್ತಿಯಿಂದ ಆಚೆ ತಳ್ಳುವ ಒಂದೇ ಒಂದು ಪಟ್ಟನ್ನು ಹತ್ತು ವರ್ಷಕ್ಕೂ ಮೇಲೆ ಅಭ್ಯಾಸ ಮಾಡುತ್ತಾನೆ. ಆಮೇಲೆ ರಾಜಕುಮಾರಿ ಲಿನ್ ಮೇಲೆ ಗೂಳಿ ತಲೆಯ ರಾಕ್ಷಸ ಮಿನೋಟಾರ್ ಎರಗಿದಾಗ ಅಡ್ಡ ನಿಲ್ಲುವವನು ಇವನೇ. ಆ ರಾಕ್ಷಸ ಕೊಡಲಿ ಬೀಸುತ್ತಲೇ ಇರುತ್ತದೆ, ಇವನು ಒಂದೊಂದನ್ನೂ ತಳ್ಳುತ್ತಲೇ ಇರುತ್ತಾನೆ. ಅವನ ಲೆಕ್ಕದಲ್ಲಿ ಅದೊಂದು ದನ! ರಾಜ ಕೊಟ್ಟ ಅಪರೂಪದ ಕಪ್ಪು ಕತ್ತಿಯಿಂದ ಚರಂಡಿ ಕ್ಲೀನ್ ಮಾಡುತ್ತಾನೆ. ಆ ಕೆಲಸವನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತಾನೆ ಅನ್ನೋದೇ ನನಗೆ ತುಂಬಾ ಇಷ್ಟವಾಯಿತು.

2021ರ 'ಲಾಸ್ಟ್ ಡಂಜನ್ ಬೂನೀಸ್' ಮೇಲೆ ನನಗೆ ಜಾಸ್ತಿ ನಿರೀಕ್ಷೆ ಇತ್ತು. ಹೀರೋ ಲಾಯ್ಡ್ ಕುನ್‌ಲುನ್ ಅನ್ನೋ ಹಳ್ಳಿಯವನು. ಅಲ್ಲಿ ಎಲ್ಲರೂ ಮಹಾ ಬಲಶಾಲಿಗಳು, ಇವನೇ ಎಲ್ಲರಿಗಿಂತ ಕಡಿಮೆ. ಹಾಗಾಗಿ ಅಜಾಮಿ ರಾಜ್ಯಕ್ಕೆ ಸೈನಿಕನಾಗಲು ಬಂದಾಗಲೂ ತಾನು ಕೈಲಾಗದವನು ಅಂತಲೇ ನಂಬಿರುತ್ತಾನೆ. ಕಾರಣ ಸರಿಯಾಗಿದೆ ಅಲ್ವಾ?

ತೊಂದರೆ ಇರುವುದು ಲಾಯ್ಡ್‌ನಲ್ಲಿ ಅಲ್ಲ, ಸುತ್ತ ಇರುವವರಲ್ಲಿ. ಸೆಲೆನ್ ಅನ್ನೋ ಹುಡುಗಿಯ ಮುಖಕ್ಕೆ ಸುತ್ತಿಕೊಂಡ ಶಾಪದ ಬೆಲ್ಟ್ ಇವನಿಂದ ಬಿಚ್ಚಿಹೋಗುತ್ತದೆ, ಅದೂ ಇವನಿಗೇ ಗೊತ್ತಿಲ್ಲದೆ. ಎಷ್ಟು ಚೆಂದದ ಸನ್ನಿವೇಶ! ಅಲ್ಲಿಂದ ಮುಂದೆ ಅವಳಿಗೆ ಲಾಯ್ಡ್ ಹಿಂದೆ ಬೀಳುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಹಳ್ಳಿಯ ಮುಖ್ಯಸ್ಥೆ ಆಲ್ಕಾಳದ್ದೂ ಅದೇ ಕತೆ. ಒಂದು ತಮಾಷೆ ಹುಟ್ಟುತ್ತಿದ್ದಂತೆ ಇವರಲ್ಲಿ ಒಬ್ಬರು ನುಗ್ಗಿ ಅದನ್ನು ಕೆಡಿಸುತ್ತಾರೆ.

ಅದಕ್ಕಿಂತ ಕಿರಿಕಿರಿ ಅಂದರೆ ಕಿರುಚಾಟ. ಲಾಯ್ಡ್ ಏನೋ ಮಾಡುತ್ತಾನೆ, ಪಕ್ಕದಲ್ಲಿದ್ದವರು ಬಾಯಿ ಬಿಟ್ಟು ಕೂಗುತ್ತಾರೆ. ಎಪಿಸೋಡ್‌ನಿಂದ ಎಪಿಸೋಡ್‌ಗೆ ಇದೇ. ನಗಬೇಕಾದ್ದು ಎಲ್ಲಿ ಅಂತ ಕೂಗಿ ಹೇಳಿದರೆ ನಗು ಬರುತ್ತದಾ? ನಾನು ಊಟ ಮಾಡುತ್ತಾ ಅಕ್ಕನ ಮಗನ ಜೊತೆ ಟಿವಿ ನೋಡುವವನು. ಕೂಗಾಟದ ಜೊತೆ ಸಬ್‌ಟೈಟಲ್ ಓದುವುದೇ ಒಂದು ಶ್ರಮ.

ನೂರ್ ಕತೆಯಲ್ಲಿ ಲಿನ್ ಅವನ ಪಾಲಿನ ಜಾಂಬವಂತ. ಅವನನ್ನು ಎದುರಿಗೇ ಮನಸಾರೆ ಹೊಗಳುತ್ತಾಳೆ. ಆರು ಕಡೆ ಬೇಡ ಅನ್ನಿಸಿಕೊಂಡವನಿಗೆ ಅದು ತಲೆಗೇ ಹೋಗುವುದಿಲ್ಲ. ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರ ಚಕ್ರವರ್ತಿಯನ್ನೇ ಎದುರಿಸಿದ ಮೇಲೂ, ಮಾಮೂಲಿ ಗಾಬ್ಲಿನ್‌ಗಳೇ ಇಷ್ಟು ಗಟ್ಟಿ ಇದ್ದರೆ ತಾನು ಇನ್ನೂ ಕಲಿಯುವುದಿದೆ ಅಂದುಕೊಳ್ಳುತ್ತಾನೆ. ಅಲ್ಲಿ ನಗು ಬಂತು, ಜೊತೆಗೆ ಅಯ್ಯೋ ಅನ್ನಿಸಿತು.

ಮೂರನೆಯದು 2022ರ 'ದಿ ಎಮಿನೆನ್ಸ್ ಇನ್ ಶ್ಯಾಡೋ'. ಚಿತ್ರಣದಲ್ಲಿ, ಹೊಡೆದಾಟದಲ್ಲಿ ಮೂರರಲ್ಲಿ ಇದೇ ಮುಂದು. ಆದರೆ ಅದರ ಹೀರೋ ಸಿಡ್‌ಗೆ ತನ್ನ ಬಲ ಚೆನ್ನಾಗೇ ಗೊತ್ತು. ತಾನು ಆಟಕ್ಕೆ ಕಟ್ಟಿದ ಕತೆಯ ದುಷ್ಟಕೂಟ ನಿಜಕ್ಕೂ ಇದೆ ಅನ್ನೋದಷ್ಟೇ ಗೊತ್ತಿಲ್ಲ. ರಕ್ತ ಜಾಸ್ತಿ, ಮಕ್ಕಳ ಜೊತೆ ನೋಡುವಂಥದ್ದಲ್ಲ.

ಸಮಯದ ಲೆಕ್ಕ: ನೂರ್ ಮತ್ತು ಲಾಯ್ಡ್ ತಲಾ 12 ಎಪಿಸೋಡ್, ಸಿಡ್ ಎರಡು ಸೀಸನ್ ಸೇರಿ 32. ನನ್ನ ಹಾಗೆ ತಿಂಗಳ ಚಂದಾ ಕಟ್ಟಿ ರಾತ್ರಿ ಒಂದೋ ಎರಡೋ ನೋಡುವವರು ನೂರ್‌ನಿಂದ ಶುರು ಮಾಡಿ. ಮಕ್ಕಳು ಮಲಗಿದ ಮೇಲೆ ಸಿಡ್ ನೋಡಿ. ಲಾಯ್ಡ್‌ಗೋಸ್ಕರ ಇನ್ನೊಂದು ತಿಂಗಳ ದುಡ್ಡು ನಾನಂತೂ ಕಟ್ಟಲ್ಲ.