ಉಚಿತ ರಿಜಿಸ್ಟ್ರಿ ಕ್ಲೀನರ್: ವೇಗ ಬರಲಿಲ್ಲ, ನೆಟ್ ಹೋಯಿತು

ಬಳಕೆ: ಕಲಬುರಗಿ, ಮನೆಯ ಕಂಪ್ಯೂಟರ್, ವಿಂಡೋಸ್ 10. ಅಂಕ: 5ಕ್ಕೆ 1.

ಹಳೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರೆ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಜಾಗ) ಗುಡಿಸುವ ಇಂಥದೊಂದು ಕ್ಲೀನರ್ ಪುಕ್ಕಟೆಯಾಗಿ ಬಂದು ಕೂತಿರುತ್ತದೆ. ಸ್ಕ್ಯಾನ್ ಒತ್ತಿದರೆ ಕೆಂಪಕ್ಷರದಲ್ಲಿ ನೂರಾರು ‘ದೋಷ’. ಹೆಚ್ಚಿನವು ಎಂದೋ ತೆಗೆದುಹಾಕಿದ ಪ್ರೋಗ್ರಾಂಗಳ ಹೆಸರುಗಳಷ್ಟೇ. ಇದ್ದರೂ ಭಾರವಿಲ್ಲ, ಹೋದರೂ ಹಗುರವಿಲ್ಲ. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿಗೆ ಕಂಪ್ಯೂಟರ್ ನಿಧಾನವಾದರೆ ಸಿಪಿಯು ಫ್ಯಾನಿನ ಕೆಳಗೆ ಹೀಟ್‌ಸಿಂಕ್‌ನಲ್ಲಿ ಕಟ್ಟಿದ ಧೂಳು ತೆಗೆಯಿರಿ. ಫಲ ಅಲ್ಲಿದೆ.

‘ಎಲ್ಲ ಸರಿಪಡಿಸು’ ಗುಂಡಿ ಒತ್ತಿದರೆ ಬೇಕಾದ ನಮೂದುಗಳೂ ಅಳಿಯಬಹುದು, ಆದರೂ ತಕ್ಷಣ ಏನೂ ಕೆಡುವುದಿಲ್ಲ. ವಿಂಡೋಸ್ ಸೇವೆಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು) ತಮಗೆ ಬೇಕಾದ್ದನ್ನು ಶುರುವಾಗುವಾಗಲೇ ಓದಿಕೊಂಡಿರುತ್ತವೆ. ಮರುದಿನ ಚಾಲೂ ಮಾಡಿದಾಗ ನೆಟ್ ಇಲ್ಲ. ಬೈಸಿಕೊಳ್ಳುವವರು ಪಾಪ ಕೇಬಲ್‌ನವರು! ಅದೇ ವೈಫೈಯಲ್ಲಿ ಮೊಬೈಲ್ ನಡೆಯುತ್ತಿದ್ದರೆ ರೌಟರ್ ಮುಟ್ಟಬೇಡಿ.

ಕಮಾಂಡ್ ಪ್ರಾಂಪ್ಟ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ‘ಐಪಿಕಾನ್ಫಿಗ್’ (ipconfig) ಹೊಡೆಯಿರಿ. ವಿಳಾಸ 169.254ರಿಂದ ಶುರುವಾದರೆ ರೌಟರ್‌ನಿಂದ ಐಪಿ (ನೆಟ್ಟಿನಲ್ಲಿ ಕಂಪ್ಯೂಟರಿನ ವಿಳಾಸ) ಸಿಕ್ಕಿಲ್ಲ. ಸರ್ವಿಸಸ್‌ನಲ್ಲಿ ಡಿಎಚ್‌ಸಿಪಿ ಕ್ಲೈಂಟ್ (ರೌಟರ್‌ನಿಂದ ಐಪಿ ಪಡೆಯುವ ಸೇವೆ) ಶುರುಮಾಡಿ ನೋಡಿ. 1068 ಎಂಬ ದೋಷ ಬಂದರೆ ಅದು ನೆಚ್ಚಿಕೊಂಡ ಬೇರೊಂದು ಸೇವೆ ಏಳುತ್ತಿಲ್ಲ ಎಂದರ್ಥ. ಆ ಸೇವೆಯ ನಮೂದೇ ಅಳಿಸಿಹೋಗಿದ್ದರೆ ವಿನ್‌ಸಾಕ್ (ಪ್ರೋಗ್ರಾಂಗಳನ್ನು ನೆಟ್ಟಿಗೆ ಜೋಡಿಸುವ ವಿಂಡೋಸ್ ಭಾಗ) ರೀಸೆಟ್‌ನಿಂದ ಏನೂ ಆಗದು. ಐಪಿ ಸರಿಯಿದ್ದು, 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್, ಅಂದರೆ ತಲುಪುತ್ತದೆಯೇ ಎಂಬ ಪರೀಕ್ಷೆ, ಮಾಡಿದಾಗ ಉತ್ತರ ಬಂದೂ ಬ್ರೌಸರ್ ತೆರೆಯದಿದ್ದರೆ ಪ್ರಾಕ್ಸಿ (ನಡುವಿನ ಸರ್ವರ್), ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕುವ ವ್ಯವಸ್ಥೆ) ನೋಡಿ. 127.0.0.1ಕ್ಕೆ (ನಿಮ್ಮದೇ ಯಂತ್ರ) ಪಿಂಗ್ ಮಾಡಿದಾಗಲೇ ವಿಂಡೋಸ್ ಸಾಕೆಟ್ಸ್ ಶುರುವಾಗಲಿಲ್ಲ ಎಂದು ಬಂದರೆ ಕೆಟ್ಟಿರುವುದು ವಿನ್‌ಸಾಕ್.

ರಿಪೇರಿಗೆ ಮೊದಲು ಕ್ಲೀನರ್ ಉಳಿಸಿಟ್ಟ ಬ್ಯಾಕಪ್ ಹುಡುಕಿ. ರೆಗ್ (.reg) ಫೈಲ್ ಇದ್ದರೆ ಡಬಲ್ ಕ್ಲಿಕ್ ಮಾಡಿ, ಒಪ್ಪಿಗೆ ಕೊಟ್ಟು ರೀಸ್ಟಾರ್ಟ್ ಮಾಡಿ. ಅದಿಲ್ಲದಿದ್ದರೆ ಸಿಸ್ಟಮ್ ರಿಸ್ಟೋರ್ (ವಿಂಡೋಸನ್ನು ಹಿಂದಿನ ದಿನದ ಸ್ಥಿತಿಗೆ ತರುವುದು), ಅದೂ ಮೊದಲೇ ಆನ್ ಇದ್ದರೆ ಮಾತ್ರ. ರೆಗ್‌ಬ್ಯಾಕ್ (RegBack, ವಿಂಡೋಸ್ ರಿಜಿಸ್ಟ್ರಿಯ ಪ್ರತಿ ಇಡುತ್ತಿದ್ದ) ಫೋಲ್ಡರ್ ನಂಬಬೇಡಿ: ವಿಂಡೋಸ್ 10ರ 1803ನೇ ಆವೃತ್ತಿಯಿಂದ ಅಲ್ಲಿ ತಾನಾಗಿ ಬ್ಯಾಕಪ್ ಆಗುತ್ತಿಲ್ಲ, ಫೈಲುಗಳು 0 ಕೆಬಿ.

ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್‌ಶ್ ವಿನ್‌ಸಾಕ್ ರೀಸೆಟ್’ (netsh winsock reset), ‘ನೆಟ್‌ಶ್ ಇಂಟ್ ಐಪಿ ರೀಸೆಟ್’ (netsh int ip reset) ಕೊಟ್ಟು ರೀಸ್ಟಾರ್ಟ್. ಕೈಯಾರೆ ಹಾಕಿದ ಐಪಿ, ಡಿಎನ್‌ಎಸ್ ಎರಡನೆಯದರಿಂದ ಹೋಗುತ್ತವೆ, ಬರೆದಿಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ರೀಸೆಟ್ ಮಾಡಿದರೆ ವೈಫೈ ಪಾಸ್‌ವರ್ಡ್ ಮತ್ತೆ ಹಾಕಬೇಕು.

ಏನೂ ಹತ್ತದಿದ್ದರೆ ಬೇರೆ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇಳಿಸಿಕೊಂಡು, ಕೆಟ್ಟ ಯಂತ್ರದ ವಿಂಡೋಸ್ ಒಳಗಿಂದಲೇ ಸೆಟಪ್ ಓಡಿಸಿ, ಫೈಲು-ಆ್ಯಪ್ ಉಳಿಸುವ ಆಯ್ಕೆ ಒತ್ತಿ. ಅಂಗಡಿಯಲ್ಲಿ ಮತ್ತೆ ಫಾರ್ಮ್ಯಾಟ್ ಅಂದರೆ ಒಪ್ಪುವ ಮುನ್ನ ಇದನ್ನು ಕೇಳಿ.

ಸಿಟ್ಟಿಗೆ ಕ್ಲೀನರನ್ನು ಮೊದಲೇ ಕಿತ್ತೆಸೆಯಬೇಡಿ, ಅದರ ಬ್ಯಾಕಪ್ ಫೋಲ್ಡರೂ ಜೊತೆಗೇ ಹೋಗಬಹುದು. ಆ ಫೋಲ್ಡರನ್ನು ಡಿ ಡ್ರೈವ್‌ಗೆ ಕಾಪಿ ಮಾಡಿ, ಆಮೇಲೆ ಕ್ಲೀನರ್ ತೆಗೆಯಿರಿ.